ಸಿಗದ ಐಸಿ, ನಿಂತುಹೋದ ಬೋರ್ಡ್: ಹಡಗಿನ ಆಟೋಪೈಲಟ್ ರಿಪೇರಿ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಯುಪಿಎಸ್, ಪಂಪ್‌ಸೆಟ್ ಪ್ಯಾನೆಲ್, ಕಾಫಿ ಕ್ಯೂರಿಂಗ್‌ನವರ ಸಾರ್ಟಿಂಗ್ ಮೆಷಿನ್ ಬೋರ್ಡ್, ಏನು ಬಂದರೂ ನೋಡುತ್ತೇನೆ. ನನ್ನ ಭಾಮೈದ ದೊಡ್ಡ ಸರಕು ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಈ ಸಲ ರಜೆಗೆ ಬರುವಾಗ ಆಟೋಪೈಲಟ್‌ನ ಕೆಟ್ಟ ಬೋರ್ಡ್ ಒಂದನ್ನು ತಂದಿದ್ದಾನೆ. ಕಂಪನಿಯ ಸೂಪರಿಂಟೆಂಡೆಂಟ್‌ಗೆ ಹೇಳಿಯೇ ತಂದಿದ್ದಾನೆ. ಹಡಗಿನಲ್ಲಿದ್ದ ಒಂದೇ ಸ್ಪೇರ್ ಈಗ ಓಡುತ್ತಿದೆ. ಜಪಾನಿನ ಸೆಟ್, 1990ರ ದಶಕದ್ದು. ಈ ಬೋರ್ಡ್ ತಯಾರಿಕೆ ನಿಂತಿದೆ, ಇಡೀ ಸಿಸ್ಟಂ ಬದಲಾಯಿಸಿ ಅಂತ ತಯಾರಕರು ಅನ್ನುತ್ತಾರಂತೆ. ತೊಂದರೆ ಇಷ್ಟು: ಕೈಯಲ್ಲಿ ಚಕ್ರ ತಿರುಗಿಸಿದರೆ ಚುಕ್ಕಾಣಿ ಸರಿಯಾಗಿ ಕೆಲಸ ಮಾಡುತ್ತದೆ. ಆಟೋಗೆ ಹಾಕಿದರೆ ಒಂದೆರಡು ಗಂಟೆ ಚೆನ್ನಾಗಿ ಓಡಿ, ಆಮೇಲೆ ಚುಕ್ಕಾಣಿ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಕರೆಂಟ್ ಹೋಗಿ ಬಂದರೆ ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತದೆ. ಬೋರ್ಡ್ ಮೇಲಿರುವುದು ಒಂದು 8085 ಪ್ರಾಸೆಸರ್, ಎರಡು 27ಸಿ256, ಡಿಎಸ್1225 ಎಂದು ಬರೆದ ದಪ್ಪ ಕಪ್ಪು ಐಸಿ, ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಕೆಲವು ಟಿಎಲ್‌ಪಿ521, ನಾಲ್ಕು ರಿಲೇ, ಮತ್ತೆ ಹೆಸರೇ ಇಲ್ಲದ ಒಂದು ಲೋಹದ ಡಬ್ಬಿ. 8085 ಎಲ್ಲಿ ಸಿಗುತ್ತದೆ? ಉಳಿದವಕ್ಕೆ ಈಕ್ವಿವಲೆಂಟ್ ಹಾಕಬಹುದಾ?

ಉತ್ತರ: 8085 ಸಿಗುತ್ತದೆ. ಇಂಟೆಲ್ ಅದನ್ನು ತಂದಿದ್ದು 1976ರಲ್ಲಿ. ನಮ್ಮ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಎಷ್ಟೋ ವರ್ಷ ಅದರದ್ದೇ ಕಿಟ್. ನೀವು ಡಿಪ್ಲೊಮಾ ಮಾಡಿದ್ದರೆ ನಿಮ್ಮ ಕೈಯೂ ಅದರ ಮೇಲೇ ಪಳಗಿರುತ್ತದೆ. ಹಾಗಾಗಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೇ ದಾಸ್ತಾನು ಇಟ್ಟ ಅಂಗಡಿಗಳಲ್ಲಿ ಕೇಳಿದರೆ ಸಿಕ್ಕೇ ಸಿಗುತ್ತದೆ. ಆದರೆ ನಿಮಗೆ ಅದು ಬೇಕಾಗಿಲ್ಲ ಅಂತ ನನಗನ್ನಿಸುತ್ತದೆ. ಪ್ರಾಸೆಸರ್ ಸತ್ತರೆ ಬೋರ್ಡ್ ಏಳುವುದೇ ಇಲ್ಲ. ನಿಮ್ಮದು ಎದ್ದು, ಎರಡು ಗಂಟೆ ಹಡಗನ್ನು ನೇರವಾಗಿ ನಡೆಸಿ, ಆಮೇಲೆ ಹಾದಿ ತಪ್ಪುತ್ತಿದೆ.

ನಿಂತುಹೋದ ಪಾರ್ಟ್‌ಗಳ ವಿಷಯದಲ್ಲಿ ಎಲ್ಲರೂ ಮಾಡುವುದು ಇದೇ. ಬೋರ್ಡ್ ಮೇಲೆ ಯಾವುದು ಅತಿ ಹಳೆಯದಾಗಿ ಕಾಣುತ್ತದೋ, ಯಾವುದರ ಹೆಸರು ದೊಡ್ಡದೋ, ಅದನ್ನು ಹುಡುಕಲು ಹೊರಡುತ್ತಾರೆ. ಹಡಗಿನ ಕೆಲಸ ಬಿಟ್ಟು ಹಾಸನಕ್ಕೆ ಬಂದ ಮೇಲೂ ನನ್ನ ಬೆಂಚಿಗೆ ಇಂಥ ಬೋರ್ಡ್ ಬರುತ್ತಲೇ ಇವೆ. ಅವುಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಪವರ್ ಸಪ್ಲೈ ಭಾಗ, ಕೆಪಾಸಿಟರ್, ರಿಲೇ, ಕನೆಕ್ಟರ್, ಇಲ್ಲವೇ ಬ್ಯಾಟರಿ. ಇವು ಯಾವುವೂ ನಿಜವಾಗಿ ಸಿಗದ ವಸ್ತುಗಳಲ್ಲ.

ಆಟೋಪೈಲಟ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ದೋಷ ಓದಲು ಅದು ಬೇಕು. ಜೈರೋ ದಿಕ್ಸೂಚಿಯಿಂದ ಹಡಗು ಈಗ ಎತ್ತ ಮುಖ ಮಾಡಿದೆ ಎಂಬ ಸಿಗ್ನಲ್ ಬರುತ್ತದೆ. ಆಫೀಸರ್ ಕೊಟ್ಟ ದಿಕ್ಕಿಗೂ ಅದಕ್ಕೂ ಇರುವ ವ್ಯತ್ಯಾಸ ನೋಡಿ, ಚುಕ್ಕಾಣಿ ಎಷ್ಟು ಡಿಗ್ರಿ ತಿರುಗಬೇಕು ಎಂದು ಬೋರ್ಡ್ ಲೆಕ್ಕ ಹಾಕುತ್ತದೆ. ವ್ಯತ್ಯಾಸ ಜಾಸ್ತಿಯಾದಷ್ಟೂ ಚುಕ್ಕಾಣಿ ಜಾಸ್ತಿ. ಹಡಗು ತಿರುಗಲು ಶುರುವಾದ ಕೂಡಲೇ ಎದುರು ಚುಕ್ಕಾಣಿ ಕೊಡಬೇಕು. ಚಾರ್ಮಾಡಿ ಘಾಟಿಯಲ್ಲಿ ಬಸ್ ಡ್ರೈವರ್ ತಿರುವು ಮುಗಿಯುವ ಮೊದಲೇ ಸ್ಟಿಯರಿಂಗ್ ವಾಪಸ್ ಎಳೆಯುತ್ತಾನಲ್ಲ, ಹಾಗೆ. ಗಾಳಿಯೋ ಅಲೆಯೋ ಒಂದೇ ಕಡೆಯಿಂದ ತಳ್ಳುತ್ತಿದ್ದರೆ ಸ್ವಲ್ಪ ಚುಕ್ಕಾಣಿಯನ್ನು ಕಾಯಂ ಆಗಿ ಒಂದು ಕಡೆ ಹಿಡಿದಿರಬೇಕು. ಲೆಕ್ಕ ಆದ ಮೇಲೆ ಬೋರ್ಡ್ ರಿಲೇ ಅಥವಾ ಟ್ರಾನ್ಸಿಸ್ಟರ್ ಮೂಲಕ ಸ್ಟಿಯರಿಂಗ್ ಗೇರ್ ರೂಮಿನ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗೆ ಕರೆಂಟ್ ಕೊಡುತ್ತದೆ. ಹೈಡ್ರಾಲಿಕ್ ಪಂಪ್ ಚುಕ್ಕಾಣಿಯನ್ನು ತಿರುಗಿಸುತ್ತದೆ. ಎಷ್ಟು ತಿರುಗಿತು ಎಂಬುದನ್ನು ಫೀಡ್‌ಬ್ಯಾಕ್ ಯೂನಿಟ್ ವಾಪಸ್ ಹೇಳುತ್ತದೆ. ಹಳೇ ಸೆಟ್‌ಗಳಲ್ಲಿ ಅದು ಒಂದು ಪೊಟೆನ್ಶಿಯೊಮೀಟರ್ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಅಥವಾ ಸಿಂಕ್ರೊ (ತಿರುಗಿದ ಕೋನವನ್ನು ಎಸಿ ಸಿಗ್ನಲ್ ಆಗಿ ಹೇಳುವ ಸುರುಳಿ).

ಕೈಯಲ್ಲಿ ನಡೆಸಿದಾಗ ಎಲ್ಲ ಸರಿ ಅಂದಿರಿ. ಅಂದರೆ ಪಂಪ್, ವಾಲ್ವ್, ವೈರಿಂಗ್ ಚೆನ್ನಾಗಿವೆ. ಆದರೆ ಫೀಡ್‌ಬ್ಯಾಕ್ ಬಗ್ಗೆ ಅಷ್ಟು ಬೇಗ ತೀರ್ಮಾನ ಬೇಡ. ಕೆಲವು ಸೆಟ್‌ಗಳಲ್ಲಿ ಒಂದೇ ಶಾಫ್ಟ್ ಮೇಲೆ ಎರಡು ಪೊಟೆನ್ಶಿಯೊಮೀಟರ್ ಇರುತ್ತವೆ. ಕೈ ಸ್ಟಿಯರಿಂಗ್‌ಗೆ ಒಂದು, ಆಟೋಗೆ ಇನ್ನೊಂದು. ಹಡಗು ನೇರ ಹೋಗುವಾಗ ಚುಕ್ಕಾಣಿ ನಡುವಿನಲ್ಲೇ ಸಣ್ಣಗೆ ಅಲ್ಲಾಡುತ್ತಿರುತ್ತದೆ. ಹಾಗಾಗಿ ಪೊಟೆನ್ಶಿಯೊಮೀಟರ್ ಒಳಗಿನ ಪಟ್ಟಿ ನಡುಭಾಗದಲ್ಲೇ ಸವೆಯುತ್ತದೆ. ಸ್ಪೇರ್ ಬೋರ್ಡ್ ಹಾಕಿದ ಮೇಲೆ ಹೊಯ್ದಾಟ ಪೂರ್ತಿ ನಿಂತಿದೆಯಾ ಅಂತ ಭಾಮೈದನನ್ನು ಕೇಳಿ. ನಿಂತಿದ್ದರೆ ದೋಷ ನಿಮ್ಮ ಮೇಜಿನ ಮೇಲಿದೆ. ನಿಲ್ಲದಿದ್ದರೆ ದೋಷ ಹಡಗಿನಲ್ಲೇ ಉಳಿದಿದೆ, ನೀವು ಸುಮ್ನೆ ಬೋರ್ಡ್ ಬಿಚ್ಚಿ ಪ್ರಯೋಜನವಿಲ್ಲ.

ನಿಂತಿದೆ ಅಂತಲೇ ಇಟ್ಟುಕೊಳ್ಳೋಣ. ಬಿಸಿಯಾದ ಮೇಲೆ ಕೆಡುವುದು ಒಂದು ದೋಷ. ಕರೆಂಟ್ ಹೋದರೆ ಮರೆಯುವುದು ಇನ್ನೊಂದು. ಎರಡನ್ನೂ ಗಂಟು ಹಾಕಬೇಡಿ.

ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಆ ಎರಡು 27ಸಿ256 ಮೆಮೊರಿ ಐಸಿಗಳ ಒಳಗಿರುವ ಪ್ರೋಗ್ರಾಂ ಕಾಪಿ ಮಾಡಿಕೊಳ್ಳಿ. ಇಡೀ ಬೋರ್ಡ್‌ನಲ್ಲಿ ಯಾವ ಅಂಗಡಿಯಲ್ಲೂ ಸಿಗದ ವಸ್ತು ಇದೊಂದೇ. ಖಾಲಿ ಐಸಿ ಎಷ್ಟು ಬೇಕಾದರೂ ಸಿಗುತ್ತದೆ, ಒಳಗಿನ ಬರಹ ಸಿಗುವುದಿಲ್ಲ. ಅದು ಚಾರ್ಜ್ ರೂಪದಲ್ಲಿ ಕೂತಿರುತ್ತದೆ, ದಶಕಗಳಲ್ಲಿ ನಿಧಾನವಾಗಿ ಸೋರುತ್ತದೆ. ಐಸಿಯ ನೆತ್ತಿಯ ಮೇಲಿರುವ ಗಾಜಿನ ಕಿಟಕಿಯ (ಅದರ ಮೂಲಕ ಯುವಿ ಬೆಳಕು ಬಿಟ್ಟು ಬರಹ ಅಳಿಸುತ್ತಾರೆ) ಸ್ಟಿಕ್ಕರ್ ಕೀಳಬೇಡಿ. ಅದರ ಮೇಲೆ ವರ್ಷನ್ ನಂಬರ್ ಇರುತ್ತದೆ, ಜೊತೆಗೆ ಅದು ಬೆಳಕನ್ನೂ ತಡೆಯುತ್ತದೆ. ಟಿಎಲ್866 ಥರದ ಅಗ್ಗದ ಪ್ರೋಗ್ರಾಮರ್ ಸಾಕು. ನಾಲ್ಕಾರು ಸಲ ಓದಿ, ಪ್ರತಿ ಸಲವೂ ಚೆಕ್‌ಸಮ್, ಅಂದರೆ ಓದಿದ್ದೆಲ್ಲದರ ಒಟ್ಟು ಲೆಕ್ಕ, ಒಂದೇ ಬರುತ್ತದಾ ನೋಡಿ. ಬೇರೆ ಬೇರೆ ಬಂದರೆ ಆ ಐಸಿ ಸೋಲುತ್ತಿದೆ ಅಂತ ಅರ್ಥ. ಆಗ ಭಾಮೈದ ಹಡಗಿಗೆ ಹೋದ ಮೇಲೆ ಸ್ಪೇರ್ ಬೋರ್ಡ್‌ನ ಐಸಿಗಳನ್ನೂ ಓದಿಸಿಕೊಳ್ಳಬೇಕು. ಅದು ಸಮುದ್ರದ ಮಧ್ಯೆ ಮಾಡುವ ಕೆಲಸವಲ್ಲ, ಹಡಗು ಬಂದರಿನಲ್ಲಿ ನಿಂತಾಗ ಮಾಡಬೇಕು. ಹೊಸದಕ್ಕೆ ಬರೆಯುವುದಾದರೆ ಒಂದೇ ಸಲ ಬರೆಯಬಹುದಾದ ಎಟಿ27ಸಿ256ಆರ್ ಒಳ್ಳೆಯದು, ಕಿಟಕಿಯ ಗೋಳಿಲ್ಲ. ಆ ಪ್ರೋಗ್ರಾಂ ತಯಾರಕರ ಸ್ವತ್ತು. ಇದೇ ಸೆಟ್‌ನ ರಿಪೇರಿಗೆ ಇಟ್ಟುಕೊಳ್ಳಿ, ಹಂಚಬೇಡಿ, ಮಾರಬೇಡಿ.

ಈಗ ಮರೆಯುವ ಕಾಯಿಲೆ. ಡಿಎಸ್1225 ದಪ್ಪಗಿರುವುದು ಏಕೆ ಗೊತ್ತಾ? ಅದರ ಹೊಟ್ಟೆಯೊಳಗೆ ಲಿಥಿಯಂ ಬ್ಯಾಟರಿ ಇದೆ. ಕರೆಂಟ್ ಇಲ್ಲದಿದ್ದಾಗ ಒಳಗಿನ ಮೆಮೊರಿಯನ್ನು ಅದೇ ಕಾಯುತ್ತದೆ. ಕನಿಷ್ಠ 10 ವರ್ಷ ಕಾಯುತ್ತದೆ ಎನ್ನುವುದು ತಯಾರಕರ ಮಾತು. 1990ರ ದಶಕದ್ದು ಇಷ್ಟು ದಿನ ಬಂದಿದ್ದೇ ದೊಡ್ಡದು. ಇದು ಕೆಟ್ಟಿಲ್ಲ, ಆಯಸ್ಸು ಮುಗಿದಿದೆ ಅಷ್ಟೇ. ಸೆಟ್ಟಿಂಗ್‌ಗಳನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ. ಭಾಮೈದನ ಹತ್ತಿರ ಮ್ಯಾನುಯಲ್ ಇರುತ್ತದೆ. ಹಡಗಿಗೆ ಆ ಸೆಟ್ ಕೂರಿಸಿದ ದಿನ ತುಂಬಿದ ಹಾಳೆ ಅದರ ಹಿಂದೆ ಎಲ್ಲೋ ಇರುತ್ತದೆ.

ಬದಲಿಗೆ ಅದೇ ನಂಬರಿನ ಹೊಸ ಮಾಡ್ಯೂಲ್ ಅಧಿಕೃತ ಡೀಲರ್ ಹತ್ತಿರ ಸಿಕ್ಕರೆ ಅದನ್ನೇ ಹಾಕಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಬೇರೆ ಬೋರ್ಡ್‌ನಿಂದ ಕಿತ್ತವು. ಅವುಗಳ ಬ್ಯಾಟರಿಯೂ ನಿಮ್ಮದರಷ್ಟೇ ಮುದಿ. ಇನ್ನೊಂದು ದಾರಿ ಎಫ್‌ರ್ಯಾಮ್, ಬ್ಯಾಟರಿಯೇ ಬೇಡದ ಮೆಮೊರಿ. ಎಫ್‌ಎಂ16ಡಬ್ಲ್ಯು08 ಎಂಬುದು ಇದೇ 8 ಕಿಲೋಬೈಟ್ ಅಳತೆಯದು. ಕಾಲುಗಳು ಸಣ್ಣವು, ಹಾಗಾಗಿ ಅಡಾಪ್ಟರ್ ಬೋರ್ಡ್ ಬೇಕು. ಇದರಲ್ಲೊಂದು ಹೊಂಡ ಇದೆ. ಡೇಟಾಶೀಟ್‌ನ ಮೊದಲ ಪುಟ ಮಾತ್ರ ಓದಿದವರು ಅದರಲ್ಲಿ ಬೀಳುತ್ತಾರೆ. ಹಳೇ ಮೆಮೊರಿಗೆ ಐಸಿಯನ್ನು ಎಬ್ಬಿಸುವ ಚಿಪ್ ಎನೇಬಲ್ ಪಿನ್ನಿನ ವೋಲ್ಟೇಜ್ ಕೆಳಗಿದ್ದರೆ ಸಾಕು, ವಿಳಾಸ ಬದಲಾದಂತೆ ಅದು ಕೊಡುತ್ತಾ ಹೋಗುತ್ತದೆ. ಎಫ್‌ರ್ಯಾಮ್ ಹಾಗಲ್ಲ. ಎನೇಬಲ್ ಪಿನ್ ಮೇಲಿಂದ ಕೆಳಗೆ ಬೀಳುವ ಆ ಗಳಿಗೆಯಲ್ಲಿ ಮಾತ್ರ ವಿಳಾಸ ಹಿಡಿಯುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಆ ಗೆರೆ ಬರೀ ವಿಳಾಸ ನೋಡಿ ಐಸಿ ಆರಿಸುವ ಅಡ್ರೆಸ್ ಡಿಕೋಡರ್‌ನಿಂದ ಬರುತ್ತಿದ್ದರೆ ತೊಂದರೆ. 8085 ಒಂದು ಪುಶ್ ಅಥವಾ ಕಾಲ್ ಆಜ್ಞೆ ನಡೆಸಿದಾಗ ಎರಡು ಬೈಟ್‌ಗಳನ್ನು ಬೆನ್ನಿಗೆ ಬೆನ್ನಿಗೆ ಬರೆಯುತ್ತದೆ. ನಡುವೆ ಎನೇಬಲ್ ಮೇಲೇಳದಿದ್ದರೆ ಎರಡನೇ ಬೈಟ್ ತಪ್ಪು ಜಾಗಕ್ಕೆ ಹೋಗುತ್ತದೆ. ಸ್ಟ್ಯಾಕ್, ಅಂದರೆ ಆ ಬೈಟ್‌ಗಳನ್ನು ಇಡುವ ಜಾಗ, ಈ ಮೆಮೊರಿಯಲ್ಲೇ ಇದ್ದರೆ ಬೋರ್ಡ್ ಹುಚ್ಚುಹುಚ್ಚಾಗಿ ಆಡುತ್ತದೆ. ಎನೇಬಲ್ ಗೆರೆಯನ್ನು ರೀಡ್, ರೈಟ್ ಸಿಗ್ನಲ್ ಜೊತೆ ಒಂದು ಗೇಟ್ ಮೂಲಕ ಸೇರಿಸಿದರೆ ಸರಿಹೋಗುತ್ತದೆ. ಆಸಿಲೋಸ್ಕೋಪ್‌ನಲ್ಲಿ ಆ ಪಿನ್ ನೋಡದೆ ಎಫ್‌ರ್ಯಾಮ್ ಹಾಕಬೇಡಿ.

ಹೊಯ್ದಾಟದ ಕಾಯಿಲೆಗೆ ನನ್ನ ಮೊದಲ ಅನುಮಾನ ಆ ಲೋಹದ ಡಬ್ಬಿ ಮೇಲೆ, ಅದರ ಸುತ್ತ ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ. ಕೆಪಾಸಿಟರ್ ಸುತ್ತ 10 ಡಿಗ್ರಿ ಬಿಸಿ ಜಾಸ್ತಿಯಾದರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನ ಸ್ಟಿಯರಿಂಗ್ ಸ್ಟ್ಯಾಂಡ್ ಒಳಗೆ ಗಾಳಿ ಆಡುವುದಿಲ್ಲ, ವರ್ಷಗಟ್ಟಲೆ ಹಗಲೂ ರಾತ್ರಿ ಆನ್ ಇರುತ್ತದೆ. ಬೆಸುಗೆ ಬಿಡಿಸುವಾಗ ಮೀನಿನ ವಾಸನೆ ಬಂದರೆ ಒಳಗಿನ ದ್ರವ ಸೋರಿದೆ ಎಂದೇ ತಿಳಿಯಿರಿ. ಅದು ಕೆಳಗಿನ ತಾಮ್ರದ ಗೆರೆಯನ್ನೂ ತಿಂದಿರುತ್ತದೆ, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಚೆನ್ನಾಗಿ ತೊಳೆದು ನೋಡಿ. 105 ಡಿಗ್ರಿಯ, ಕಡಿಮೆ ಇಎಸ್‌ಆರ್‌ನ (ಒಳಗಿನ ರೆಸಿಸ್ಟನ್ಸ್) ಕೆಪಾಸಿಟರ್ ಹಾಕಿ. ಒಂದೊಂದೇ ಅಳೆದು ಕೆಟ್ಟದ್ದನ್ನು ಮಾತ್ರ ಬದಲಿಸುವ ಉಳಿತಾಯ ಇಲ್ಲಿ ಬೇಡ. ಎಲ್ಲವನ್ನೂ ಬದಲಿಸಿ.

ಹೆಸರಿಲ್ಲದ ಡಬ್ಬಿ ಹೆಚ್ಚಾಗಿ ಡಿಸಿ-ಡಿಸಿ ಕನ್ವರ್ಟರ್ ಇರುತ್ತದೆ. ಹಡಗಿನ 24 ವೋಲ್ಟ್ ತೆಗೆದುಕೊಂಡು 5 ವೋಲ್ಟ್, ಪ್ಲಸ್ ಮೈನಸ್ 15 ವೋಲ್ಟ್ ಕೊಡುವಂಥದ್ದು. ಖಚಿತ ಮಾಡಿಕೊಳ್ಳಲು ಕಾಲುಗಳು ಎಲ್ಲೆಲ್ಲಿ ಹೋಗಿವೆ ನೋಡಿ. 24 ವೋಲ್ಟ್ ಕನೆಕ್ಟರ್‌ನಿಂದ ಶುರುವಾಗಿ, ಸಿಗ್ನಲ್ ಹಿಗ್ಗಿಸುವ ಓಪ್ಆ್ಯಂಪ್‌ಗಳ ಸಪ್ಲೈ ಕಾಲಿಗೆ ಮುಗಿದರೆ ಅದೇ. ಜೈರೋ ಸಿಗ್ನಲ್ ದಾರಿಯಲ್ಲಿ ಕೂತಿದ್ದರೆ ಅದು ಸಿಂಕ್ರೊ ಕನ್ವರ್ಟರ್. ಆಗ ಕಥೆ ಬೇರೆ, ಅದಕ್ಕೆ ಅದೇ ಬೇಕು. ಬೋರ್ಡ್ ಆನ್ ಮಾಡಿ, ಹೇರ್ ಡ್ರೈಯರ್‌ನಿಂದ ಒಂದೊಂದೇ ಜಾಗ ಬಿಸಿ ಮಾಡುತ್ತಾ ಆ ವೋಲ್ಟೇಜ್‌ಗಳನ್ನು ಸ್ಕೋಪ್‌ನಲ್ಲಿ ನೋಡುತ್ತಿರಿ. ಮಲ್ಟಿಮೀಟರ್ ಸಾಲದು. ಅದು 15 ವೋಲ್ಟ್ ಅಂತಲೇ ತೋರಿಸುತ್ತಿರುತ್ತದೆ, ಅದರ ಮೇಲೆ ಕೂತ ಅಲೆ ಕಾಣುವುದಿಲ್ಲ. ಫೀಡ್‌ಬ್ಯಾಕ್ ಸಿಗ್ನಲ್‌ಗೆ ಆ ಅಲೆ ಸೇರಿದರೆ ಚುಕ್ಕಾಣಿ ಅಲ್ಲಾಡಿದೆ ಅಂತ ಬೋರ್ಡ್ ಮೋಸ ಹೋಗುತ್ತದೆ.

ಕನ್ವರ್ಟರ್ ಹೋಗಿದ್ದರೆ ಅದೇ ನಂಬರ್ ಹುಡುಕುವುದು ಬಿಡಿ. ಇಂದಿನ ಯಾವುದಾದರೂ ಒಳ್ಳೇ ಕಂಪನಿಯ ಮಾಡ್ಯೂಲ್ ತೆಗೆದುಕೊಂಡು ಸಣ್ಣ ಅಡಾಪ್ಟರ್ ಬೋರ್ಡ್ ಮಾಡಿ ಕೂರಿಸಬಹುದು. ಇನ್‌ಪುಟ್ 18ರಿಂದ 36 ವೋಲ್ಟ್ ತಡೆಯುವಂಥದ್ದು ಇರಲಿ. ಹಡಗಿನ ಸಲಕರಣೆಗಳ ಐಇಸಿ 60945 ಮಾನದಂಡ ಡಿಸಿ ಸಪ್ಲೈ 30 ಶೇಕಡಾ ಮೇಲೆ, 10 ಶೇಕಡಾ ಕೆಳಗೆ ಹೋದರೂ ನಡೆಯಬೇಕು ಎನ್ನುತ್ತದೆ. 24 ವೋಲ್ಟ್‌ಗೆ ಅದು 21.6ರಿಂದ 31.2. ಅದೇ ಮಾನದಂಡದಲ್ಲಿ ಬ್ರಿಡ್ಜ್ ಒಳಗಿನ ಸಲಕರಣೆ ಮೈನಸ್ 15ರಿಂದ 55 ಡಿಗ್ರಿವರೆಗೆ ಓಡಬೇಕು, 100 ಹರ್ಟ್ಸ್‌ವರೆಗಿನ ನಡುಕ ತಡೆಯಬೇಕು. ನಾವು ಊರಲ್ಲಿ ಕೂತು ಮರೆಯುವುದು ಈ ನಡುಕವನ್ನೇ. ಅಗ್ಗದ ಐಸಿ ಸಾಕೆಟ್ ಹಾಕಿದರೆ ಆರು ತಿಂಗಳಲ್ಲಿ ಸಡಿಲ. ಉರುಟು ಪಿನ್ನಿನ ಸಾಕೆಟ್ ಹಾಕಿ, ಇಲ್ಲದಿದ್ದರೆ ನೇರ ಬೆಸುಗೆ ಹಾಕಿ. ದಪ್ಪ ಕೆಪಾಸಿಟರ್ ಬುಡಕ್ಕೆ ಸಿಲಿಕೋನ್ ಹಾಕಿ. ವಿನೆಗರ್ ವಾಸನೆ ಬರುವ ಬಾತ್‌ರೂಂ ಸಿಲಿಕೋನ್ ಬೇಡ, ಅದು ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ.

ಟಿಎಲ್‌ಪಿ521 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತೋಷಿಬಾ ಅದನ್ನು ನಿಲ್ಲಿಸಿದರೂ ನಾಲ್ಕು ಕಾಲಿನದಕ್ಕೆ ಪಿಸಿ817 ಕಾಲಿಗೆ ಕಾಲು ಹೊಂದುತ್ತದೆ. ಕೊನೆಯ ಅಕ್ಷರ ಮಾತ್ರ ನೋಡಿ. ಎ ಅಂದರೆ ಕರೆಂಟ್ ವರ್ಗಾವಣೆ 80ರಿಂದ 160 ಶೇಕಡಾ, ಸಿ ಅಂದರೆ 200ರಿಂದ 400. ಹಳೇದರ ಗ್ರೇಡಿಗೆ ಹತ್ತಿರದ್ದು ಹಾಕಿ. ರಿಲೇಗೂ ಹಾಗೆಯೇ, ಒಂದು ಎಚ್ಚರಿಕೆ ಬಿಟ್ಟು. 10 ಆಂಪ್ ಅಂತ ಮೇಲೆ ಬರೆದಿರುವುದು 250 ವೋಲ್ಟ್ ಎಸಿಗೆ, 30 ವೋಲ್ಟ್ ಡಿಸಿಗೆ. ಕೆಲವು ಹಡಗುಗಳಲ್ಲಿ ಸೊಲೆನಾಯ್ಡ್ 110 ವೋಲ್ಟ್ ಡಿಸಿ ಇರುತ್ತದೆ. ಅಷ್ಟು ಡಿಸಿಯಲ್ಲಿ ಅದೇ ರಿಲೇ 1 ಆಂಪ್ ಕೂಡ ನೆಟ್ಟಗೆ ಕತ್ತರಿಸುವುದಿಲ್ಲ, ಕಿಡಿ ಹಾರಿ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಕಾಂಟ್ಯಾಕ್ಟ್ ಅಂಟಿದರೆ ಚುಕ್ಕಾಣಿ ಒಂದೇ ಕಡೆ ಪೂರ್ತಿ ಹೋಗಿ ನಿಲ್ಲುತ್ತದೆ. ಭಾಮೈದನಿಂದ ಸೊಲೆನಾಯ್ಡ್ ವೋಲ್ಟೇಜ್ ತಿಳಿದುಕೊಳ್ಳದೆ ರಿಲೇ ಕೊಳ್ಳಬೇಡಿ.

ಎಲ್ಲಿ ಕೊಳ್ಳುವುದು? ಕೆಪಾಸಿಟರ್, ರಿಲೇ, ಕನ್ವರ್ಟರ್‌ಗಳನ್ನು ಎಲಿಮೆಂಟ್14, ಮೌಸರ್, ಡಿಜಿಕೀ ಥರದ ಅಧಿಕೃತ ಮಾರಾಟಗಾರರಿಂದಲೇ ತರಿಸಿ. ಇವಕ್ಕೆ ಎಸ್‌ಪಿ ರಸ್ತೆಯ ಚೌಕಾಶಿ ಬೇಡ. ಐಸಿ ತಯಾರಕರು ಯಾವುದನ್ನಾದರೂ ನಿಲ್ಲಿಸುವ ಮೊದಲು ಕೊನೆಯ ಆರ್ಡರ್‌ಗೆ ದಿನ ಗೊತ್ತು ಮಾಡುತ್ತಾರೆ. 8085ರ ಕಾಲದ್ದೇ ಇನ್ನೊಂದು ಪ್ರಾಸೆಸರ್ ಝಡ್80ಕ್ಕೆ 2024ರಲ್ಲಿ ಹಾಗೇ ಆಯಿತು, ಜೂನ್ 14 ಕೊನೆಯ ದಿನ. ಉಳಿದ ದಾಸ್ತಾನನ್ನು ತಯಾರಕರ ಒಪ್ಪಿಗೆಯಿಂದಲೇ ಕೊಂಡು ಇಟ್ಟುಕೊಳ್ಳುವ ಕಂಪನಿಗಳಿವೆ, ರೋಚೆಸ್ಟರ್ ಎಲೆಕ್ಟ್ರಾನಿಕ್ಸ್ ಅದರಲ್ಲಿ ದೊಡ್ಡದು. ಬೆಲೆ ಹೆಚ್ಚು, ಮಾಲು ಅಸಲಿ.

ನಮ್ಮ ದೇಶದಲ್ಲಿ ಇರುವವರಿಗೆ ಇನ್ನೊಂದು ಅನುಕೂಲ ಇದೆ. ಗುಜರಾತಿನ ಅಲಂಗ್. 1983ರಿಂದ ಅಲ್ಲಿ ಹಳೇ ಹಡಗು ಒಡೆಯುತ್ತಿದ್ದಾರೆ. ಒಡೆದ ಹಡಗುಗಳ ಬ್ರಿಡ್ಜ್ ಸಾಮಾನು ಅಲಂಗ್ ರಸ್ತೆಯ ಅಂಗಡಿಗಳಿಗೆ, ಭಾವನಗರದ ವ್ಯಾಪಾರಿಗಳಿಗೆ ಬರುತ್ತದೆ. ನಿಮ್ಮ ಬೋರ್ಡ್‌ನ ಪೂರ್ತಿ ನಂಬರ್ ಮತ್ತು ಫೋಟೋ ಕಳಿಸಿದರೆ ಅಂಥದ್ದೇ ಬೋರ್ಡ್ ಸಿಗುವ ಸಾಧ್ಯತೆ ಚೆನ್ನಾಗಿದೆ. ಸಿಕ್ಕರೆ ತೆಗೆದುಕೊಳ್ಳಿ, ಆದರೆ ನೇರವಾಗಿ ಹಡಗಿಗೆ ಕಳಿಸಬೇಡಿ. ಅದು ಬೇರೆ ಅಳತೆಯ ಹಡಗಿನಲ್ಲಿ ಇದ್ದದ್ದು. ಅದರ ಜಂಪರ್, ಡಿಪ್ ಸ್ವಿಚ್, ಪ್ರೋಗ್ರಾಂ ವರ್ಷನ್, ಜೈರೋ ಇನ್‌ಪುಟ್ ಎಲ್ಲ ಬೇರೆ ಇರಬಹುದು. ನನ್ನ ಕೇಳಿದರೆ, ಆ ಬೋರ್ಡ್ ಪಾರ್ಟ್ಸ್ ಕಿತ್ತುಕೊಳ್ಳಲಿಕ್ಕೆ ಚಿನ್ನದಂಥದ್ದು.

ಹಳೇ ಐಸಿ ಕೊಳ್ಳುವಾಗ ನಕಲಿ ಬಗ್ಗೆ ಎಚ್ಚರ. ಬೇರೆ ಯಾವುದೋ ಐಸಿಯ ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಹೊಸ ನಂಬರ್ ಹೊಡೆದಿರುತ್ತಾರೆ. ಹತ್ತಿಯಲ್ಲಿ ಅಸಿಟೋನ್ ತೆಗೆದುಕೊಂಡು ಉಜ್ಜಿ, ಕಪ್ಪು ಬಿಟ್ಟುಬಂದರೆ ವಾಪಸ್ ಕೊಡಿ. ನಾಲ್ಕಂಕಿಯ ಡೇಟ್ ಕೋಡ್ ಓದಿ. 9834 ಅಂದರೆ 1998ರ 34ನೇ ವಾರ. ತಯಾರಿಕೆ ನಿಂತ ಮೇಲಿನ ವಾರ ಬರೆದಿದ್ದರೆ ಅದು ಯಾರದ್ದೋ ಕೈಚಳಕ.

ಬೋರ್ಡ್ ಸರಿಯಾಯಿತಾ ಅಂತ ತಿಳಿಯಲು ಹಡಗು ಬೇಕಿಲ್ಲ. ಸೊಲೆನಾಯ್ಡ್ ಜಾಗಕ್ಕೆ ಎರಡು ಬಲ್ಬ್ ಹಾಕಿ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಡಗಿನ ಪದ್ಧತಿಯಂತೆ. ಫೀಡ್‌ಬ್ಯಾಕ್ ಜಾಗಕ್ಕೆ ಅದೇ ಬೆಲೆಯ ಒಂದು ಪೊಟೆನ್ಶಿಯೊಮೀಟರ್. ಜೈರೋ ಇನ್‌ಪುಟ್ ಸ್ಟೆಪ್ ಸಿಗ್ನಲ್ (ದಿಕ್ಕು ಬದಲಾದಂತೆ ಹಂತಹಂತವಾಗಿ ಬರುವ ಪಲ್ಸ್) ಆಗಿದ್ದರೆ ಆರ್ಡುಯಿನೊ ಮತ್ತು ಮೂರು ಟ್ರಾನ್ಸಿಸ್ಟರ್‌ನಲ್ಲಿ ಮಾಡಬಹುದು, ಸಾಮಾನ್ಯವಾಗಿ ಒಂದು ಡಿಗ್ರಿಗೆ 6 ಸ್ಟೆಪ್. ಎನ್‌ಎಂಇಎ (ಹಡಗಿನ ಸಲಕರಣೆಗಳು ಪರಸ್ಪರ ಮಾತಾಡುವ ಸೀರಿಯಲ್ ಭಾಷೆ) ಆಗಿದ್ದರೆ ಲ್ಯಾಪ್‌ಟಾಪ್‌ನಿಂದ 4800 ಬಾಡ್‌ನಲ್ಲಿ ದಿಕ್ಕು ಹೇಳುವ ಎಚ್‌ಡಿಟಿ ವಾಕ್ಯ ಕಳಿಸಿ. ದಿಕ್ಕು ಸ್ವಲ್ಪ ಬದಲಿಸಿ. ಯಾವ ಬಲ್ಬ್ ಹತ್ತಿತೋ ಆ ಕಡೆ ಪೊಟೆನ್ಶಿಯೊಮೀಟರ್ ತಿರುಗಿಸುತ್ತಾ ಬನ್ನಿ, ಒಂದು ಜಾಗದಲ್ಲಿ ಬಲ್ಬ್ ಆರಬೇಕು. ಹೀಗೆಯೇ ದಿನವಿಡೀ ಓಡಿಸಿ. ರಟ್ಟಿನ ಪೆಟ್ಟಿಗೆ ಮುಚ್ಚಿ ಬಿಸಿಯಲ್ಲೂ ಓಡಿಸಿ. ನಿಮ್ಮ ದೋಷ ಬರುವುದೇ ಎರಡು ಗಂಟೆ ಆದ ಮೇಲೆ ಅಲ್ವಾ?

ಕೊನೆಗೆ ಬೋರ್ಡ್ ಮೇಲೆ ಕೋಟಿಂಗ್ ಹೊಡೆಯಬೇಕು, ಸಮುದ್ರದ ಉಪ್ಪುಗಾಳಿಗೆ ಅದು ಬೇಕೇ ಬೇಕು. ಮಳೆಗಾಲದಲ್ಲಿ ನಿಮ್ಮೂರಿನ ಗಾಳಿಯೇ ಒದ್ದೆ. ಹಾಗಾಗಿ ಬೋರ್ಡನ್ನು 60 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಬಿಸಿ ಆರುವ ಮೊದಲೇ ಹೊಡೆಯಿರಿ. ಇಲ್ಲದಿದ್ದರೆ ನೀರಿನ ಪಸೆಯನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ.

ಇನ್ನು ಕಾನೂನು. ಇದನ್ನು ಭಾಮೈದನಿಗೆ ಓದಿ ಹೇಳಿ. 10,000 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗಿಗೆ ಆಟೋಪೈಲಟ್ ಇರಲೇಬೇಕು ಎನ್ನುತ್ತದೆ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದ ಐದನೇ ಅಧ್ಯಾಯದ 19ನೇ ನಿಯಮ. ಅದು ಟೈಪ್ ಅಪ್ರೂವಲ್ ಆದ ಸಲಕರಣೆ, ಅಂದರೆ ಆ ಮಾದರಿಯನ್ನೇ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರುತ್ತಾರೆ. ಅದೇ ನಂಬರಿನ ಕೆಪಾಸಿಟರ್, ರಿಲೇ ಬದಲಿಸುವುದು ರಿಪೇರಿ. ಕನ್ವರ್ಟರ್ ಬದಲಿಗೆ ಬೇರೆಯದು, ಮೆಮೊರಿ ಬದಲಿಗೆ ಎಫ್‌ರ್ಯಾಮ್ ಹಾಕುವುದು ಮಾರ್ಪಾಡು. ಮಾರ್ಪಾಡಾದ ಬೋರ್ಡ್ ಹಡಗಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಕಂಪನಿ ಮತ್ತು ಹಡಗಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ತಪಾಸಕ, ಅಂದರೆ ಕ್ಲಾಸ್ ಸರ್ವೇಯರ್. ನೀವೂ ಅಲ್ಲ, ನಾನೂ ಅಲ್ಲ. ಯಾವ ಪಾರ್ಟ್ ಬದಲಿಸಿದಿರಿ, ಎಲ್ಲಿಂದ ತಂದಿರಿ, ಬೆಂಚ್ ಮೇಲೆ ಏನು ಬಂತು ಎಂದು ಒಂದು ಹಾಳೆ ಬರೆದು ಬಿಲ್‌ಗಳ ಪ್ರತಿ ಜೊತೆಗಿಡಿ. ಮುಚ್ಚಿಟ್ಟು ಹಾಕಿದ ಬೋರ್ಡ್‌ನಿಂದ ಏನಾದರೂ ಆದರೆ ಭಾಮೈದನ ಕೆಲಸಕ್ಕೇ ಕುತ್ತು.

ಒಪ್ಪಿಗೆ ಸಿಕ್ಕ ಮೇಲೂ ಮೊದಲ ಪರೀಕ್ಷೆ ಬಂದರಿನಲ್ಲೇ ಆಗಲಿ. ಹೊರಡುವ ಮುಂಚಿನ 12 ಗಂಟೆಯೊಳಗೆ ಸ್ಟಿಯರಿಂಗ್ ಪರೀಕ್ಷೆ ಹೇಗೂ ಕಡ್ಡಾಯ, ಆಗಲೇ ಇದನ್ನೂ ನೋಡಬಹುದು. ಆಮೇಲೆ ಹಡಗು ಸಂಚಾರ ಕಡಿಮೆ ಇರುವ ತೆರೆದ ಸಮುದ್ರದಲ್ಲಿ ಆಟೋಗೆ ಹಾಕಲಿ, ಚಕ್ರದ ಪಕ್ಕದಲ್ಲೇ ಒಬ್ಬರು ನಿಂತಿರಲಿ. ಆಟೋದಿಂದ ಕೈಗೆ ಬದಲಿಸುವ ಸ್ವಿಚ್ ಮತ್ತು ದಿಕ್ಕು ತಪ್ಪಿದರೆ ಕೂಗುವ ಅಲಾರಂ, ಈ ಎರಡನ್ನೂ ಬೇಕೆಂದೇ ಪರೀಕ್ಷಿಸಲಿ. ಈಗ ಓಡುತ್ತಿರುವ ಸ್ಪೇರ್ ಬೋರ್ಡ್ ಕೈಗೆಟುಕುವಲ್ಲೇ ಇರಲಿ.

ಕಳಿಸುವಾಗ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಹಡಗು ಮುಂದೆ ತಲುಪುವ ಬಂದರಿನ ಏಜೆಂಟ್ ವಿಳಾಸಕ್ಕೆ ಹೋಗುವಂತೆ ಕಂಪನಿಯ ಮೂಲಕವೇ ಕಳಿಸಿ. ಮೇಲೆ ಹಡಗಿನ ಹೆಸರು, 'ಶಿಪ್ಸ್ ಸ್ಪೇರ್ಸ್ ಇನ್ ಟ್ರಾನ್ಸಿಟ್' ಎಂಬ ಒಕ್ಕಣೆ ಇರಲಿ, ಕಸ್ಟಮ್ಸ್‌ನಲ್ಲಿ ಅದು ಬೇಕಾಗುತ್ತದೆ. ಭಾಮೈದ ತಾನೇ ಬ್ಯಾಗಿನಲ್ಲಿ ಒಯ್ಯುವುದಾದರೆ ಕಂಪನಿಯ ಒಂದು ಪತ್ರ ಜೊತೆಗಿರಲಿ.